ಹೊಸ ಎಕ್ಸಾಸ್ಟ್ ಹಾಕುವ ಮುನ್ನ ಪೈಪ್‌ನೊಳಗೆ ಇಣುಕಿ ನೋಡೋಣ

ಸ್ಪೋರ್ಟ್ ಬೈಕ್‌ಗೆ ಹೊಸ ಎಕ್ಸಾಸ್ಟ್ ಹಾಕಿದವರ ಬಾಯಲ್ಲಿ ನಾನು ಹೆಚ್ಚಾಗಿ ಕೇಳುವ ಮಾತು ಎರಡು. ಮೊದಲನೆಯದು, "ಸೌಂಡ್ ಸೂಪರ್ ಆಗಿದೆ." ಸ್ವಲ್ಪ ಹೊತ್ತು ಬಿಟ್ಟು ಎರಡನೆಯದು, "ಆದರೆ ನಡುವಿನ ಆರ್‌ಪಿಎಂನಲ್ಲಿ ಗಾಡಿ ಯಾಕೋ ಎಳೀತಾ ಇಲ್ಲ." ಎರಡೂ ನಿಜವೇ. ಪೈಪ್ ಒಳ್ಳೆಯದೇ ಇರುತ್ತದೆ, ಬೋಲ್ಟ್‌ಗಳೆಲ್ಲ ಬಿಗಿಯಾಗಿಯೇ ಇರುತ್ತವೆ. ಆದರೂ ಎಂಜಿನ್ ಮೊದಲಿನಷ್ಟು ಚುರುಕಾಗಿ ಓಡುವುದಿಲ್ಲ. ಎಕ್ಸಾಸ್ಟ್ ಅಂದರೆ ಹೊಗೆ ಹೊರಗೆ ಹೋಗುವ ಕೊಳವೆ, ಅದರ ತುದಿಗೊಂದು ಶಬ್ದ ತಗ್ಗಿಸುವ ಡಬ್ಬ ಅಂತ ನಾವು ಅಂದುಕೊಂಡಿರುತ್ತೇವೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಪೈಪ್‌ನ ಉದ್ದ, ಅಗಲ, ಎಲ್ಲಿ ಯಾವುದು ಸೇರುತ್ತದೆ ಅನ್ನುವುದು, ಇವೆಲ್ಲ ಎಂಜಿನ್ ಎಷ್ಟು ಗಾಳಿ ಒಳಗೆ ತೆಗೆದುಕೊಳ್ಳುತ್ತದೆ ಅನ್ನುವುದನ್ನೇ ಬದಲಿಸುತ್ತವೆ. ಅದಕ್ಕೇ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಪೈಪ್‌ನೊಳಗಿನ ಕತೆ ಹೇಳುತ್ತೇನೆ.

ಅಲೆ ಹೋಗಿ ತಿರುಗಿ ಬರುವ ಲೆಕ್ಕ

ಪಿಸ್ಟನ್ ಕೆಳಗಿನ ತುದಿ ಮುಟ್ಟುವ ಮೊದಲೇ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ. ಆಗ ಸಿಲಿಂಡರ್‌ನಲ್ಲಿ ಇನ್ನೂ ಸಾಕಷ್ಟು ಒತ್ತಡ ಉಳಿದಿರುತ್ತದೆ. ಅದು ಒಂದೇ ಏಟಿಗೆ ಸಿಲಿಂಡರ್ ಬಾಯಿಂದ ಹೊರಡುವ ಬಾಗಿದ ಕೊಳವೆಗೆ, ಅಂದರೆ ಬೆಂಡ್ ಪೈಪ್‌ಗೆ ನುಗ್ಗುತ್ತದೆ. ಇಲ್ಲಿ ಹೊರಡುವುದು ಎರಡು: ಸುಟ್ಟ ಅನಿಲ ಒಂದು, ಒತ್ತಡದ ಅಲೆ ಇನ್ನೊಂದು. ಉದ್ದನೆ ಸಾಲಿನಲ್ಲಿ ನಿಂತವರನ್ನು ಹಿಂದಿನಿಂದ ಯಾರೋ ತಳ್ಳಿದರು ಅಂದುಕೊಳ್ಳಿ. ಜನ ಒಂದು ಹೆಜ್ಜೆ ಮಾತ್ರ ಮುಂದೆ ಹೋಗುತ್ತಾರೆ. ಆದರೆ ಆ ತಳ್ಳು ಕ್ಷಣದಲ್ಲಿ ಸಾಲಿನ ತುದಿ ಮುಟ್ಟುತ್ತದೆ. ಪೈಪ್‌ನಲ್ಲೂ ಹಾಗೆಯೇ. ಅನಿಲ ಹಿಂದೆ ಉಳಿಯುತ್ತದೆ, ಅಲೆ ಶಬ್ದದ ವೇಗದಲ್ಲಿ ಮುಂದೆ ಓಡುತ್ತದೆ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಬಿಸಿ ಎಕ್ಸಾಸ್ಟ್‌ನಲ್ಲಿ ಅದು 550 ಮೀಟರ್ ಆಸುಪಾಸಿಗೆ ಏರುತ್ತದೆ.

ಬೆಂಡ್ ಪೈಪ್‌ಗಳು ಒಂದಾಗಿ ಸೇರುವ ಜಾಗಕ್ಕೆ ಕಲೆಕ್ಟರ್ ಅನ್ನುತ್ತಾರೆ. ಅಲ್ಲಿ ದಾರಿ ತಟ್ಟನೆ ಅಗಲವಾಗುತ್ತದೆ. ಅಗಲವಾದ ಕಡೆ ಅಲೆಯ ಒಂದು ಭಾಗ ತಿರುಗಿ ಎಂಜಿನ್ ಕಡೆಗೇ ಬರುತ್ತದೆ, ಆದರೆ ತಲೆಕೆಳಗಾಗಿ. ತಳ್ಳುತ್ತಾ ಹೋದದ್ದು ಎಳೆಯುತ್ತಾ ಬರುತ್ತದೆ. ಈ ಎಳೆತವೇ ನಮಗೆ ಬೇಕಾಗಿರುವುದು.

ಯಾಕೆ ಅಂದರೆ, ಪಿಸ್ಟನ್ ಮೇಲಿನ ತುದಿಗೆ ಬಂದಾಗ ಸ್ವಲ್ಪ ಹೊತ್ತು ಎರಡೂ ವಾಲ್ವ್‌ಗಳು ತೆರೆದಿರುತ್ತವೆ. ಎಕ್ಸಾಸ್ಟ್ ಇನ್ನೂ ಮುಚ್ಚಿಲ್ಲ, ಇನ್‌ಟೇಕ್ ಆಗಲೇ ತೆರೆದಿದೆ. ಇದಕ್ಕೆ ಓವರ್‌ಲ್ಯಾಪ್ ಅನ್ನುತ್ತಾರೆ. ಎಳೆಯುವ ಅಲೆ ಸರಿಯಾಗಿ ಆ ಹೊತ್ತಿಗೆ ಬಂದು ಮುಟ್ಟಿದರೆ, ಸಿಲಿಂಡರ್‌ನಲ್ಲಿ ಉಳಿದ ಸುಟ್ಟ ಅನಿಲವನ್ನು ಹೊರಗೆಳೆದು, ಹಿಂದೆಯೇ ಹೊಸ ಗಾಳಿಯನ್ನೂ ಒಳಗೆ ಕರೆಯುತ್ತದೆ. ಪಿಸ್ಟನ್ ಕೆಳಗಿಳಿಯುವ ಮೊದಲೇ ಸಿಲಿಂಡರ್ ತುಂಬಲು ಶುರುವಾಗುತ್ತದೆ. ಪುಕ್ಕಟೆ ಸಿಕ್ಕ ಶಕ್ತಿ ಅದು.

ಒಂದು ಸರಳ ಲೆಕ್ಕ ಮಾಡೋಣ. ಬೆಂಡ್ ಪೈಪ್ 75 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಹೋಗಿ ಬರಲು ಒಂದೂವರೆ ಮೀಟರ್. ಸೆಕೆಂಡಿಗೆ 550 ಮೀಟರ್ ಅಂದರೆ ಸುಮಾರು 2.7 ಮಿಲಿಸೆಕೆಂಡ್. ಎಂಜಿನ್ 12,000 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ಅಷ್ಟು ಹೊತ್ತಿನಲ್ಲಿ ಕ್ರ್ಯಾಂಕ್ (ಪಿಸ್ಟನ್‌ನ ಏರಿಳಿತದಿಂದ ಸುತ್ತುವ ದಂಡ) ಸುಮಾರು 196 ಡಿಗ್ರಿ ಸುತ್ತಿರುತ್ತದೆ, ಅಂದರೆ ಅರ್ಧ ಸುತ್ತಿಗಿಂತ ಸ್ವಲ್ಪ ಜಾಸ್ತಿ. ಪಿಸ್ಟನ್ ಕೆಳಗಿನಿಂದ ಮೇಲೆ ಬಂದು ಓವರ್‌ಲ್ಯಾಪ್ ನಡೆಯುವ ಹೊತ್ತಿಗೆ ಅಲೆ ಹಾಜರ್. ತುಂಬ ಚೆನ್ನಾಗಿ ಹೊಂದಿತು ಅಲ್ವಾ?

ಈಗ ಅದೇ ಪೈಪ್, 6,000 ಆರ್‌ಪಿಎಂ. ಅಲೆಗೆ ಹಿಡಿಯುವ ಸಮಯ ಅಷ್ಟೇ, ಆದರೆ ಕ್ರ್ಯಾಂಕ್ ಸುತ್ತುವುದು 98 ಡಿಗ್ರಿ ಮಾತ್ರ. ಎಳೆಯುವ ಅಲೆ ತೀರಾ ಬೇಗ ಬಂದುಬಿಟ್ಟಿತು. ಪಿಸ್ಟನ್ ಇನ್ನೂ ಅರ್ಧ ದಾರಿಯಲ್ಲಿದೆ, ಇನ್‌ಟೇಕ್ ವಾಲ್ವ್ ತೆರೆದೇ ಇಲ್ಲ. ಅಲೆ ಸುಮ್ನೆ ನಿಲ್ಲುವುದಿಲ್ಲ. ಮತ್ತೆ ಕಲೆಕ್ಟರ್‌ಗೆ ಹೋಗಿ, ಅಲ್ಲಿ ಇನ್ನೊಮ್ಮೆ ತಲೆಕೆಳಗಾಗಿ, ತಳ್ಳುವ ಅಲೆಯಾಗಿ ತಿರುಗಿ ಬರುತ್ತದೆ. ಅದು ಬಂದು ಮುಟ್ಟುವುದು 196 ಡಿಗ್ರಿಗೆ, ಸರಿಯಾಗಿ ಓವರ್‌ಲ್ಯಾಪ್ ಹೊತ್ತಿಗೆ! ಹೊರಗೆ ಹೋಗಬೇಕಾದ ಸುಟ್ಟ ಅನಿಲವನ್ನು ಅದೇ ಒಳಗೆ ತಳ್ಳುತ್ತದೆ. ನಡುವಿನ ಆರ್‌ಪಿಎಂನಲ್ಲಿ ಗಾಡಿ ಸಪ್ಪೆಯಾಗುವ ಗುಟ್ಟು ಇದು. ನಿಜವಾದ ಎಂಜಿನ್‌ನಲ್ಲಿ ಬಿಸಿ ಬದಲಾಗುತ್ತಿರುತ್ತದೆ, ಪೈಪ್‌ಗಳು ಒಂದಕ್ಕೊಂದು ಸೇರಿಕೊಂಡಿರುತ್ತವೆ, ಲೆಕ್ಕ ಇಷ್ಟು ನೇರ ಇರುವುದಿಲ್ಲ. ಆದರೆ ಸಂಗತಿ ಇದೇ.

"ಎಂಜಿನ್‌ಗೆ ಸ್ವಲ್ಪ ಬ್ಯಾಕ್ ಪ್ರೆಶರ್ ಬೇಕು, ಇಲ್ಲದಿದ್ದರೆ ಪಿಕಪ್ ಹೋಗುತ್ತದೆ" ಅನ್ನುವ ಮಾತು ನೀವೂ ಕೇಳಿರಬಹುದು. ಬ್ಯಾಕ್ ಪ್ರೆಶರ್ ಅಂದರೆ ಹೊಗೆಗೆ ಪೈಪ್ ಒಡ್ಡುವ ತಡೆ. ಫೋರ್ ಸ್ಟ್ರೋಕ್ ಎಂಜಿನ್‌ಗೆ ಆ ತಡೆ ಬೇಕಿಲ್ಲ. ಅದಕ್ಕೆ ಬೇಕಿರುವುದು ಹೊತ್ತಿಗೆ ಸರಿಯಾಗಿ ಬರುವ ಅಲೆ, ಜೊತೆಗೆ ಅನಿಲದ ವೇಗ. ತೀರಾ ಅಗಲದ ಪೈಪ್ ಹಾಕಿದಾಗ ಅನಿಲದ ಓಟ ನಿಧಾನವಾಗಿ, ಅಲೆಯ ಬಲವೂ ಕುಗ್ಗುತ್ತದೆ. ಪಿಕಪ್ ಹೋದದ್ದು ಅದರಿಂದ. ಹೆಸರು ಮಾತ್ರ ಬ್ಯಾಕ್ ಪ್ರೆಶರ್‌ಗೆ ಬಂತು.

ಈ ಅಲೆಗಳ ಆಟವನ್ನು ಬೈಕ್‌ನವರು ಬಹಳ ಹಿಂದೆಯೇ ಬಳಸಿಕೊಂಡರು. 1969ರಲ್ಲಿ ಬಂದ ಹೋಂಡಾ ಸಿಬಿ750ಗೆ ನಾಲ್ಕು ಸಿಲಿಂಡರ್, ನಾಲ್ಕು ಬೇರೆ ಬೇರೆ ಸೈಲೆನ್ಸರ್. ಜಪಾನಿನ ಹಿದಿಯೊ 'ಪಾಪ್' ಯೋಶಿಮುರಾ 1971ರಲ್ಲಿ ಅದರ ರೇಸ್ ಬೈಕ್‌ಗೆ ನಾಲ್ಕೂ ಪೈಪ್‌ಗಳನ್ನು ಒಂದಕ್ಕೆ ಸೇರಿಸಿದ ಎಕ್ಸಾಸ್ಟ್ ಕಟ್ಟಿದರು. ತೂಕ ಇಳಿಯಿತು. ಒಂದು ಸಿಲಿಂಡರ್‌ನ ಅಲೆ ಇನ್ನೊಂದಕ್ಕೆ ನೆರವಾಯಿತು. ಇವತ್ತು ಸ್ಪೋರ್ಟ್ ಬೈಕ್ ಅಂದರೆ ಕಣ್ಣಿಗೆ ಕಟ್ಟುವ ಆ ಬೆಂಡ್ ಪೈಪ್ ಗೊಂಚಲು ಆ ದಾರಿಯಲ್ಲೇ ಬಂದದ್ದು.

ಸ್ಲಿಪ್-ಆನ್ ಸಾಕೋ, ಫುಲ್ ಸಿಸ್ಟಮ್ ಬೇಕೋ

ಸ್ಲಿಪ್-ಆನ್ ಅಂದರೆ ಕೊನೆಯ ಡಬ್ಬ ಮತ್ತು ಅದನ್ನು ಜೋಡಿಸುವ ಸಣ್ಣ ಪೈಪ್ ಮಾತ್ರ. ಬೆಂಡ್ ಪೈಪ್, ಕಲೆಕ್ಟರ್ ಎಲ್ಲ ಕಂಪನಿಯದೇ ಇರುತ್ತವೆ. ಫುಲ್ ಸಿಸ್ಟಮ್ ಅಂದರೆ ಸಿಲಿಂಡರ್ ಹೆಡ್‌ನಿಂದ ತುದಿಯವರೆಗೆ ಎಲ್ಲವೂ ಹೊಸದು.

ಅಲೆಯ ಆಟ ಹೆಚ್ಚಾಗಿ ನಡೆಯುವುದು ಬೆಂಡ್ ಪೈಪ್ ಮತ್ತು ಕಲೆಕ್ಟರ್‌ನಲ್ಲಿ. ಹಾಗಾಗಿ ಸ್ಲಿಪ್-ಆನ್‌ನಿಂದ ಶಕ್ತಿ ಏರುವುದು ತೀರಾ ಕಮ್ಮಿ. ಓಡಿಸುವಾಗ ಗೊತ್ತೂ ಆಗದಷ್ಟು. ಸಿಗುವುದು ಸೌಂಡ್, ನೋಟ, ಮತ್ತು ತೂಕದ ಇಳಿಕೆ. ತೂಕ ಸಣ್ಣ ವಿಷಯ ಅಂದುಕೊಳ್ಳಬೇಡಿ. ಹಿಂದೆ, ಎತ್ತರದಲ್ಲಿ, ಒಂದೇ ಪಕ್ಕಕ್ಕೆ ನೇತಾಡುವ ಭಾರ ಎರಡು ಮೂರು ಕೆಜಿ ಇಳಿದರೆ ಬೈಕ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲಿಸುವಾಗ ಗೊತ್ತಾಗುತ್ತದೆ. ಟೈಟೇನಿಯಂ ಅನ್ನು ಇಷ್ಟಪಡುವುದು ಇದಕ್ಕೇ. ಒಂದು ಘನ ಸೆಂಟಿಮೀಟರ್ ಟೈಟೇನಿಯಂ 4.5 ಗ್ರಾಂ ತೂಗಿದರೆ, ಸ್ಟೇನ್‌ಲೆಸ್ ಸ್ಟೀಲ್ ಹತ್ತಿರಹತ್ತಿರ 8 ಗ್ರಾಂ ತೂಗುತ್ತದೆ.

ಫುಲ್ ಸಿಸ್ಟಮ್‌ನಿಂದ ಶಕ್ತಿ ನಿಜವಾಗಿ ಏರಬಹುದು, ಆದರೆ ಮೇಲಿನ ಆರ್‌ಪಿಎಂನಲ್ಲಿ. ಟ್ರ್ಯಾಕ್‌ನಲ್ಲಿ ಓಡಿಸುವವರಿಗೆ ಅದು ಅರ್ಥಪೂರ್ಣ. ರಸ್ತೆಯಲ್ಲಿ ದಿನಾ 4,000ದಿಂದ 7,000 ಆರ್‌ಪಿಎಂ ನಡುವೆ ಓಡಿಸುವವರಿಗೆ, ನನ್ನನ್ನು ಕೇಳಿದರೆ, ಒಳ್ಳೆಯ ಸ್ಲಿಪ್-ಆನ್ ಸಾಕು.

ಇನ್ನೊಂದು ದೊಡ್ಡ ಸಂಗತಿ ಕ್ಯಾಟಲಿಟಿಕ್ ಕನ್ವರ್ಟರ್. ಕಾರ್ಬನ್ ಮಾನಾಕ್ಸೈಡ್, ಸುಡದೆ ಉಳಿದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್‌ಗಳನ್ನು ಕಡಿಮೆ ಮಾಡುವ ಜೇನುಗೂಡಿನಂಥ ಭಾಗ ಅದು. ಈಗಿನ ಹೆಚ್ಚಿನ ಬೈಕ್‌ಗಳಲ್ಲಿ ಎಂಜಿನ್ ಕೆಳಗಿನ ಡಬ್ಬದಲ್ಲೋ ಕಲೆಕ್ಟರ್ ಹತ್ತಿರವೋ ಇರುತ್ತದೆ. ಎಂಜಿನ್‌ಗೆ ಹತ್ತಿರ ಇದ್ದಷ್ಟೂ ಬೇಗ ಬಿಸಿಯಾಗಿ ಕೆಲಸ ಶುರು ಮಾಡುತ್ತದೆ. ಸ್ಲಿಪ್-ಆನ್ ಹಾಕಿದರೆ ಅದು ಉಳಿಯುತ್ತದೆ. ಫುಲ್ ಸಿಸ್ಟಮ್ ಹಾಕಿದರೆ ಬಹಳಷ್ಟು ಸಲ ಹೋಗುತ್ತದೆ. ಅದನ್ನು ತೆಗೆದ ಗಾಡಿಯನ್ನು ರಸ್ತೆಯಲ್ಲಿ ಓಡಿಸುವುದು ಎಷ್ಟೋ ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಕಾನೂನು ಹಾಗಿರಲಿ, ಹಿಂದೆ ಬರುವವರು ಆ ಗಾಳಿಯನ್ನೇ ಉಸಿರಾಡಬೇಕು. ರಸ್ತೆಯ ಬೈಕ್‌ನಿಂದ ಕನ್ವರ್ಟರ್ ತೆಗೆಯಬೇಡಿ ಅಂತ ನಾನು ಯಾರಿಗೇ ಆದರೂ ಹೇಳುತ್ತೇನೆ.

ಕಂಪನಿ ಪೈಪ್‌ನಲ್ಲಿ ಅಡಗಿರುವ ಇನ್ನೊಂದು ಸಾಧನ ಎಕ್ಸಾಸ್ಟ್ ವಾಲ್ವ್ ಸರ್ವೋ. ಯಮಹಾ 1989ರ ಎಫ್‌ಝಡ್‌ಆರ್1000ರಲ್ಲಿ ಎಕ್ಸ್‌ಅಪ್ ಅನ್ನುವ ಹೆಸರಿನಲ್ಲಿ ಇದನ್ನು ಕೊಟ್ಟಿತ್ತು. ಇದು ಸಿಲಿಂಡರ್‌ನ ವಾಲ್ವ್ ಅಲ್ಲ, ಕಲೆಕ್ಟರ್ ಹತ್ತಿರದ ಒಂದು ತಿರುಗುವ ಬಾಗಿಲು. ಮೋಟರ್ ಮತ್ತು ಕೇಬಲ್ ಅದನ್ನು ಆರ್‌ಪಿಎಂಗೆ ತಕ್ಕಂತೆ ತೆರೆದು ಮುಚ್ಚುತ್ತವೆ. ಮೇಲೆ ಹೇಳಿದ 6,000 ಆರ್‌ಪಿಎಂನ ಕೆಟ್ಟ ಅಲೆಯನ್ನು ಮಂಕು ಮಾಡುವುದೇ ಇದರ ಕೆಲಸ. ಇದನ್ನು ಕಿತ್ತರೆ ಆ ಸಪ್ಪೆತನ ಮರಳಿ ಬರಬಹುದು. ಮೋಟರ್‌ಗೆ ಕೇಬಲ್ ಇಲ್ಲದಿದ್ದರೆ ಮೀಟರ್‌ನಲ್ಲಿ ಎಚ್ಚರಿಕೆ ದೀಪವೂ ಹತ್ತುತ್ತದೆ. ಅದಕ್ಕೆ ಸರ್ವೋ ಎಲಿಮಿನೇಟರ್ ಅನ್ನುವ ಸಣ್ಣ ಪ್ಲಗ್ ಹಾಕುತ್ತಾರೆ. ನೆನಪಿಡಿ, ಆ ಪ್ಲಗ್ ದೀಪವನ್ನು ಆರಿಸುತ್ತದೆ, ಹೋದ ಎಳೆತವನ್ನು ತರುವುದಿಲ್ಲ.

ಪೆಟ್ರೋಲ್ ಲೆಕ್ಕ

ಎಂಜಿನ್ ಒಳಗೆ ಹೋಗುವ ಗಾಳಿ ಬದಲಾದರೆ ಪೆಟ್ರೋಲ್ ಕೂಡ ಬದಲಾಗಬೇಕು. ಪೆಟ್ರೋಲ್ ಪೂರ್ತಿ ಸುಡಲು ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಪೂರ್ತಿ ಥ್ರಾಟಲ್‌ನಲ್ಲಿ ಹೆಚ್ಚು ಶಕ್ತಿ ಸಿಗುವುದು ಸುಮಾರು 13ಕ್ಕೆ 1ರಲ್ಲಿ, ಅಂದರೆ ಪೆಟ್ರೋಲ್ ಪಾಲು ಸ್ವಲ್ಪ ಹೆಚ್ಚಾಗಿ, ರಿಚ್ ಆಗಿದ್ದಾಗ.

"ಆಕ್ಸಿಜನ್ ಸೆನ್ಸರ್ ಇದೆಯಲ್ಲ, ಅದೇ ಸರಿಮಾಡಿಕೊಳ್ಳುತ್ತದೆ" ಅಂತ ಹಲವರು ನಂಬಿದ್ದಾರೆ. ಅರ್ಧ ಮಾತ್ರ ನಿಜ. ಸಾಮಾನ್ಯವಾಗಿ ಬೈಕ್‌ನಲ್ಲಿ ಇರುವ ನ್ಯಾರೋಬ್ಯಾಂಡ್ ಸೆನ್ಸರ್‌ಗೆ ಗೊತ್ತಾಗುವುದು ಮಿಶ್ರಣ 14.7ಕ್ಕಿಂತ ಆ ಕಡೆಯೋ ಈ ಕಡೆಯೋ ಅನ್ನುವುದಷ್ಟೇ. ಅದರ ಮಾತನ್ನು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಕೇಳುವುದು ಒಂದೇ ವೇಗದಲ್ಲಿ ಹಗುರಾಗಿ ಓಡುವಾಗ. ಥ್ರಾಟಲ್ ಜೋರಾಗಿ ತಿರುವಿದ ಕೂಡಲೇ ಇಸಿಯು ತನ್ನೊಳಗೆ ಬರೆದಿಟ್ಟ ಮ್ಯಾಪ್, ಅಂದರೆ ಪೆಟ್ರೋಲ್ ಅಳತೆಯ ಪಟ್ಟಿ, ನೋಡಿ ಪೆಟ್ರೋಲ್ ಕೊಡುತ್ತದೆ. ಆ ಮ್ಯಾಪ್ ಬರೆದಿರುವುದು ಹಳೆಯ ಪೈಪ್‌ಗೆ. ಪೈಪ್ ಬದಲಾಯಿತು ಅಂತ ಅದಕ್ಕೆ ಯಾರೂ ಹೇಳಿಲ್ಲ.

ಕನ್ವರ್ಟರ್ ಉಳಿಸಿಕೊಂಡ ಸ್ಲಿಪ್-ಆನ್‌ಗೆ ಹೆಚ್ಚಾಗಿ ಏನೂ ಮಾಡಬೇಕಿಲ್ಲ. ಫುಲ್ ಸಿಸ್ಟಮ್ ಹಾಕಿದರೆ ಆ ಮ್ಯಾಪ್ ತಿದ್ದುವ ರೀಮ್ಯಾಪ್ ಆಗಲೇಬೇಕು. ಇಸಿಯು ಫ್ಲ್ಯಾಶ್ ಮಾಡಿಸಿ ಹೊಸ ಮ್ಯಾಪ್ ಬರೆಸಬಹುದು, ಇಲ್ಲವೇ ಇಂಜೆಕ್ಟರ್ ಸಿಗ್ನಲ್ ತಿದ್ದುವ ಪೆಟ್ಟಿಗೆ ಹಾಕಬಹುದು. ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ, ಮಿಶ್ರಣವನ್ನು ನಿಖರವಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇಟ್ಟು ನಿಮ್ಮ ಗಾಡಿಗೇ ಮ್ಯಾಪ್ ಮಾಡಿಸಿದರೆ ಎಲ್ಲಕ್ಕಿಂತ ಒಳ್ಳೆಯದು. ಪೈಪ್‌ಗೆ ಕೊಟ್ಟ ಹಣದ ಬೆಲೆ ನಿಜವಾಗಿ ಗೊತ್ತಾಗುವುದು ಆಗಲೇ.

ಥ್ರಾಟಲ್ ಬಿಟ್ಟಾಗ ಪಟಪಟ ಅನ್ನುವ ಸದ್ದು ಎಲ್ಲರಿಗೂ ಗೊತ್ತು. ಸುಡದೆ ಉಳಿದ ಪೆಟ್ರೋಲ್ ಪೈಪ್‌ನೊಳಗೆ ಹೊತ್ತಿಕೊಂಡಾಗ ಅದು ಬರುತ್ತದೆ. ಹೊಗೆ ಶುದ್ಧ ಮಾಡಲೆಂದು ಎಕ್ಸಾಸ್ಟ್ ಪೋರ್ಟ್‌ಗೆ (ಹೆಡ್‌ನಿಂದ ಹೊಗೆ ಹೊರಬರುವ ರಂಧ್ರ) ಹೊಸ ಗಾಳಿ ಬಿಡುವ ವ್ಯವಸ್ಥೆ ಹಲವು ಬೈಕ್‌ಗಳಲ್ಲಿದೆ. ಆ ಗಾಳಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಅಲ್ಲೊಂದು ಇಲ್ಲೊಂದು ಪಟ್ ಅಂದರೆ ಚಿಂತೆಯಿಲ್ಲ. ಮೊದಲು ಇಲ್ಲದ ಪಟಪಟ ಹೊಸ ಪೈಪ್ ಹಾಕಿದ ದಿನದಿಂದಲೇ ಜೋರಾಗಿ ಶುರುವಾದರೆ ಮೊದಲು ಜಾಯಿಂಟ್‌ಗಳಲ್ಲಿ ಲೀಕ್ ಇದೆಯಾ ನೋಡಿ.

ಸದ್ದಿನ ಬಗ್ಗೆ

ಡೆಸಿಬೆಲ್ ಲೆಕ್ಕ ನಮ್ಮ ಅಂದಾಜಿಗೆ ಸುಲಭವಾಗಿ ಸಿಗುವುದಿಲ್ಲ. 3 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಎರಡು ಪಟ್ಟು. 10 ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನಿಸುತ್ತದೆ. ನಿಂತ ಬೈಕ್‌ನ ಸದ್ದು ಅಳೆಯುವಾಗ ಮೈಕ್ ಅನ್ನು ಸೈಲೆನ್ಸರ್ ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಲ್ಲಿ ಇಡುತ್ತಾರೆ. ವಿಶ್ವಸಂಸ್ಥೆಯ ವಾಹನ ನಿಯಮಗಳನ್ನು ಒಪ್ಪಿದ ದೇಶಗಳಲ್ಲಿ ಅನುಮತಿ ಪಡೆದ ಸೈಲೆನ್ಸರ್ ಮೇಲೆ ವೃತ್ತದೊಳಗೆ ಇಂಗ್ಲಿಷಿನ E ಅಕ್ಷರ ಮತ್ತು ಒಂದು ಸಂಖ್ಯೆ ಕೆತ್ತಿರುತ್ತದೆ. ಆ ಅನುಮತಿ ನಿರ್ದಿಷ್ಟ ಮಾಡೆಲ್‌ಗೆ ಮಾತ್ರ, ಎಲ್ಲ ಬೈಕ್‌ಗೂ ಅಲ್ಲ. ಕೊಳ್ಳುವ ಮೊದಲು ನಿಮ್ಮ ಕಡೆಯ ನಿಯಮ ಓದಿಕೊಳ್ಳಿ. ಡಿಬಿ ಕಿಲ್ಲರ್ ಅನ್ನುವ, ಸದ್ದು ತಗ್ಗಿಸುವ ಒಳಕೊಳವೆ ಬಂದಿದ್ದರೆ ರಸ್ತೆಯಲ್ಲಿ ಅದನ್ನು ತೆಗೆಯಬೇಡಿ. ಬೆಳಗಿನ ಜಾವ ಮಲಗಿದ ಮಗು ಎದ್ದು ಅಳುವ ಸದ್ದು ಯಾರ ಸಂತೋಷಕ್ಕೂ ಬೇಕಿಲ್ಲ.

ಈಗ ಕೆಲಸ ಶುರು

ಎಂಜಿನ್ ಪೂರ್ತಿ ತಣ್ಣಗಿರಲಿ. ಬೈಕ್ ಪ್ಯಾಡಾಕ್ ಸ್ಟ್ಯಾಂಡ್ ಮೇಲೆ ನೆಟ್ಟಗೆ ನಿಂತಿರಲಿ. ಫೇರಿಂಗ್ (ಬೈಕ್‌ನ ಹೊರಕವಚ) ಬಿಚ್ಚುವಾಗ ಯಾವ ಸ್ಕ್ರೂ ಎಲ್ಲಿಯದು ಅಂತ ಫೋಟೋ ತೆಗೆದಿಟ್ಟುಕೊಳ್ಳಿ, ಉದ್ದ ಬೇರೆ ಬೇರೆ ಇರುತ್ತದೆ. ಕೆಲವು ಬೈಕ್‌ಗಳಲ್ಲಿ ಬೆಂಡ್ ಪೈಪ್ ನಟ್ ಕೈಗೆ ಸಿಗಬೇಕಾದರೆ ರೇಡಿಯೇಟರ್ ಬೋಲ್ಟ್ ಸಡಿಲಿಸಿ ಮುಂದಕ್ಕೆ ಸರಿಸಬೇಕು.

ಅವಸರ ಮಾಡಬಾರದ ಜಾಗ ಸಿಲಿಂಡರ್ ಹೆಡ್‌ನ ಸ್ಟಡ್‌ಗಳು, ಅಂದರೆ ಹೆಡ್‌ನಿಂದ ಹೊರಚಾಚಿದ ತಲೆಯಿಲ್ಲದ ಬೋಲ್ಟ್‌ಗಳು. ಬಿಸಿ, ನೀರು, ತುಕ್ಕು ಸೇರಿ ನಟ್‌ಗಳು ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ನೆನೆಯಲು ಬಿಡಿ. ಮರುದಿನ ಸಾಕೆಟ್ ಪೂರ್ತಿ ಕೂರಿಸಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿ. ಹಿಂದೆ ಮುಂದೆ ಆಡಿಸುತ್ತಾ ಬನ್ನಿ. ಸ್ಟಡ್ ಹೆಡ್‌ನೊಳಗೇ ಮುರಿದರೆ ಅರ್ಧ ದಿನದ ಕೆಲಸ ವಾರಕ್ಕೆ ಹೋಗುತ್ತದೆ. ಬಗ್ಗದ ನಟ್ ಇದ್ದರೆ ಅಲ್ಲೇ ನಿಲ್ಲಿಸಿ, ಬಿಸಿ ಕೊಟ್ಟು ಬಿಚ್ಚಬಲ್ಲ ಅನುಭವಸ್ಥರ ಕೈಗೆ ಕೊಡಿ.

ಆಕ್ಸಿಜನ್ ಸೆನ್ಸರ್‌ನ ಕನೆಕ್ಟರ್ ಮೊದಲೇ ಬಿಚ್ಚಿ. ಇಲ್ಲದಿದ್ದರೆ ಪೈಪ್ ಕೆಳಗೆ ಬಂದಾಗ ವೈರ್ ಹರಿಯುತ್ತದೆ. ಸೆನ್ಸರ್ ಅನ್ನು ಹೊಸ ಪೈಪ್‌ಗೆ ಹಾಕುವಾಗ ತ್ರೆಡ್‌ಗೆ ಮಾತ್ರ ತೆಳ್ಳಗೆ ಆ್ಯಂಟಿ-ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಹಚ್ಚಿ, ತುದಿಗೆ ತಾಗಬಾರದು.

ಇನ್ನು ಗ್ಯಾಸ್ಕೆಟ್, ಅಂದರೆ ಜಾಯಿಂಟ್ ಸೋರದಂತೆ ನಡುವೆ ಕೂರಿಸುವ ಉಂಗುರ. ಪೋರ್ಟ್‌ನೊಳಗೆ ಹಳೆಯ ತಾಮ್ರದ ಉಂಗುರ ಮಸಿ ಹಿಡಿದು, ಅದೂ ಹೆಡ್‌ನದೇ ಭಾಗವೇನೋ ಅನ್ನುವಂತೆ ಅಂಟಿಕೊಂಡಿರುತ್ತದೆ. ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಒಂದು ಪೋರ್ಟ್‌ನಲ್ಲಿ ಅದನ್ನು ಗಮನಿಸದೆ ಮೇಲೆಯೇ ಹೊಸದನ್ನು ಕೂರಿಸಿದೆ. ಆ ಪೈಪ್ ಸರಿಯಾಗಿ ಕೂರಲೇ ಇಲ್ಲ, ಟಿಕ್ ಟಿಕ್ ಅಂತ ಲೀಕ್ ಆಗುತ್ತಾ ಇತ್ತು. ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಟಾರ್ಚ್ ಬಿಟ್ಟು ಪ್ರತಿ ಪೋರ್ಟ್ ನೋಡಿ, ಹಳೆಯದನ್ನು ಮೆಲ್ಲಗೆ ಎಬ್ಬಿಸಿ ತೆಗೆಯಿರಿ. ಗ್ಯಾಸ್ಕೆಟ್ ಒಮ್ಮೆ ಅಮುಕಿದರೆ ಮುಗಿಯಿತು, ಪ್ರತಿ ಸಲವೂ ಹೊಸದೇ ಹಾಕಬೇಕು. ಜೋಡಿಸುವಾಗ ಅದು ಜಾರಿ ಬೀಳದಂತೆ ಒಂದು ಚೂರು ಗ್ರೀಸ್ ಹಚ್ಚಿ ಹಿಡಿಸಿದರೆ ಸಾಕು.

ಜೋಡಣೆಯ ಗುಟ್ಟು ಇಷ್ಟೇ: ಎಲ್ಲವೂ ತನ್ನ ಜಾಗಕ್ಕೆ ಬರುವ ತನಕ ಯಾವುದನ್ನೂ ಬಿಗಿ ಮಾಡಬೇಡಿ. ಬೆಂಡ್ ಪೈಪ್‌ಗಳನ್ನು ಬೆರಳಿನಷ್ಟೇ ಬಿಗಿಯಲ್ಲಿ ನಿಲ್ಲಿಸಿ. ಕಲೆಕ್ಟರ್, ನಡುವಿನ ಪೈಪ್, ಸೈಲೆನ್ಸರ್, ಬ್ರ್ಯಾಕೆಟ್ ಎಲ್ಲ ಸೇರಿಸಿ. ಬ್ರ್ಯಾಕೆಟ್ ರಂಧ್ರಕ್ಕೆ ಬೋಲ್ಟ್ ಕೈಯಲ್ಲೇ ಹೋಗಬೇಕು. ಜಗ್ಗಿ ಎಳೆದು ಹೊಂದಿಸಿದರೆ ಆ ಎಳೆತ ಪೈಪ್‌ನಲ್ಲೇ ಉಳಿಯುತ್ತದೆ, ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ವೆಲ್ಡ್ ಬಿರುಕು ಬಿಡುತ್ತದೆ. ಎಲ್ಲ ಹೊಂದಿದ ಮೇಲೆ ಎಂಜಿನ್ ಕಡೆಯಿಂದ ಹಿಂದಕ್ಕೆ ಬಿಗಿ ಮಾಡುತ್ತಾ ಬನ್ನಿ. ಒಂದು ಪೈಪ್‌ನ ಎರಡು ನಟ್‌ಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪ ತಿರುಗಿಸಿ. ಟಾರ್ಕ್ ವ್ರೆಂಚ್ ಬಳಸಿ, ಸಂಖ್ಯೆಯನ್ನು ನಿಮ್ಮ ಬೈಕ್‌ನ ಸರ್ವಿಸ್ ಮ್ಯಾನುಯಲ್‌ನಿಂದಲೇ ತೆಗೆದುಕೊಳ್ಳಿ. 8 ಮಿಲಿಮೀಟರ್ ಸ್ಟಡ್‌ಗಳಿಗೆ ಅದು ಹೆಚ್ಚಾಗಿ 20 ನ್ಯೂಟನ್ ಮೀಟರ್ ಆಸುಪಾಸು. ಕೈಯಂದಾಜಿಗೆ ಅನಿಸುವುದಕ್ಕಿಂತ ಕಮ್ಮಿಯೇ. ಸ್ಪ್ರಿಂಗ್‌ಗಳನ್ನು ಅದಕ್ಕೆಂದೇ ಇರುವ ಕೊಕ್ಕೆಯಿಂದ ಎಳೆದು ಹಾಕಿ, ಕಣ್ಣಿಗೆ ಕನ್ನಡಕ ಇರಲಿ. ಅವು ಜಾರಿದರೆ ಎಲ್ಲಿಗೆ ಹಾರುತ್ತವೆ ಹೇಳಲಾಗದು.

ಸ್ವಿಂಗ್ ಆರ್ಮ್, ಬ್ರೇಕ್ ಹೋಸ್, ಸೈಡ್ ಸ್ಟ್ಯಾಂಡ್, ಫೇರಿಂಗ್, ವೈರ್, ಯಾವುದೂ ಪೈಪ್‌ಗೆ ತಾಗಬಾರದು. ಸಸ್ಪೆನ್ಷನ್ ಪೂರ್ತಿ ಒತ್ತಿದಾಗಲೂ ತಾಗಬಾರದು. ಕೊನೆಗೆ ಪೈಪ್ ಪೂರ್ತಿ ಆಲ್ಕೋಹಾಲ್ ಹಾಕಿ ಒರೆಸಿ. ಬೆರಳಿನ ಗುರುತು ಉಳಿದಿದ್ದರೆ ಮೊದಲ ಬಿಸಿಗೆ ಅದು ಲೋಹದ ಮೇಲೆ ಸುಟ್ಟು ಕೂರುತ್ತದೆ. ಆಮೇಲೆ ಬರುವ ಹೊಂಬಣ್ಣ, ನೀಲಿ ಬಣ್ಣ ಕೊಳೆಯಲ್ಲ. ಬಿಸಿಗೆ ಲೋಹದ ಮೇಲೆ ಹುಟ್ಟುವ ತೆಳು ಆಕ್ಸೈಡ್ ಪದರ ಬೆಳಕನ್ನು ಹಾಗೆ ತೋರಿಸುತ್ತದೆ.

ಮೊದಲ ಸ್ಟಾರ್ಟ್ ಬಯಲಿನಲ್ಲಿ ಮಾಡಿ, ಮುಚ್ಚಿದ ಜಾಗದಲ್ಲಿ ಬೇಡ. ಕೆಲವು ನಿಮಿಷ ಹೊಗೆ ಬರುತ್ತದೆ. ತಯಾರಿಸುವಾಗ ಉಳಿದ ಎಣ್ಣೆ, ನೀವು ಹಚ್ಚಿದ ಗ್ರೀಸ್ ಸುಡುತ್ತಿರುತ್ತವೆ, ಗಾಬರಿ ಬೇಡ. ಪೈಪ್ ಇನ್ನೂ ತಣ್ಣಗಿರುವಾಗಲೇ ಜಾಯಿಂಟ್‌ಗಳ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಗಾಳಿ ಬಡಿದಂತೆ ಅನಿಸಿದರೆ, ಟಿಕ್ ಟಿಕ್ ಸದ್ದು ಕೇಳಿದರೆ ಅಲ್ಲಿ ಲೀಕ್ ಇದೆ. ಸೆನ್ಸರ್‌ಗಿಂತ ಮುಂಚಿನ ಲೀಕ್ ಇನ್ನೂ ಕೆಟ್ಟದ್ದು. ಅಲ್ಲಿಂದ ಹೊರಗಿನ ಗಾಳಿ ಒಳಗೆ ನುಸುಳುತ್ತದೆ. ಸೆನ್ಸರ್ ಅದನ್ನು ಲೀನ್, ಅಂದರೆ ಪೆಟ್ರೋಲ್ ಕಮ್ಮಿ, ಅಂತ ಓದಿ, ಇಸಿಯು ಬೇಡದ ಪೆಟ್ರೋಲ್ ಸುರಿಯುತ್ತದೆ.

ಪೂರ್ತಿ ತಣ್ಣಗಾದ ಮೇಲೆ ನಟ್‌ಗಳಿಗೆ ಇನ್ನೊಮ್ಮೆ ಟಾರ್ಕ್ ವ್ರೆಂಚ್ ಇಡಿ. ಮೊದಲ ಬಿಸಿಗೆ ಗ್ಯಾಸ್ಕೆಟ್ ಇನ್ನಷ್ಟು ಅಮುಕಿ ನಟ್ ಸಡಿಲವಾಗಿರುತ್ತದೆ. 150 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ನೋಡಿ. ಒಳಗೆ ಗ್ಲಾಸ್ ವೂಲ್ ತುಂಬಿದ ಸೈಲೆನ್ಸರ್ ಆದರೆ ಆ ಉಣ್ಣೆ ಕಾಲಕ್ರಮೇಣ ಸುಟ್ಟು ಉದುರುತ್ತದೆ. ಸದ್ದು ಒರಟಾದಾಗ ಬದಲಿಸಬೇಕು. ಬಿಚ್ಚಿದ ಕಂಪನಿ ಪೈಪ್, ಅದರ ಬೋಲ್ಟ್, ಸರ್ವೋ ಕೇಬಲ್ ಎಲ್ಲವನ್ನೂ ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಒಂದೇ ಪೆಟ್ಟಿಗೆಯಲ್ಲಿ ಹಾಕಿಡಿ. ವಾಹನ ತಪಾಸಣೆಗೋ ಗಾಡಿ ಮಾರುವಾಗಲೋ ಅದು ಬೇಕಾಗುತ್ತದೆ.